ಸಾಹೇಬರು ಹೊಡೆದಿಲ್ಲ

ಜೂನ್ 3, ಸೋಮವಾರ

ಆಳುವ ಹಳದಿ ಪಕ್ಷ ಕೊನೆಗೂ ಒಡೆಯಿತು. ನಾನು ಹೋದ ತಿಂಗಳೇ ಹೇಳಿದ್ದೆ, ನಮ್ಮ ಮನೆಯವರು ನಂಬಲಿಲ್ಲ. ಅಧ್ಯಕ್ಷರು ಭಾಷಣ ಮಾಡುವಾಗ ಪಕ್ಕದಲ್ಲೇ ಕೂತ ಕಾರ್ಯದರ್ಶಿ ಬಾಯಿ ತುಂಬ ಆಕಳಿಸಿದರೆ ಅದಕ್ಕೆ ಇನ್ನೇನು ಅರ್ಥ? ಗಂಡ ಹೆಂಡತಿ ಹಾಗೆ ಆಕಳಿಸಿದರೆ ಊಟವಾದ ಮೇಲೆ ಸರಿಹೋಗುತ್ತದೆ. ಪಕ್ಷದವರದು ಸರಿಹೋಗುವುದಿಲ್ಲ.

ಟಿವಿ ತುಂಬ ಅದೇ ಗಲಾಟೆ. ನಾವು ಮನೆಯಲ್ಲಿ 'ಕಣ್ಣೀರು' ಎಂದು ಕರೆಯುವ ಮಂತ್ರಿ ಇವತ್ತೂ ಅತ್ತರು. ಕರವಸ್ತ್ರ ಮೊದಲು ಬಂತು, ಅಳು ಆಮೇಲೆ. ತಮಗೆ ಅಧಿಕಾರದ ಆಸೆ ಎಳ್ಳಷ್ಟೂ ಇಲ್ಲವಂತೆ. ಹಾಗಾದರೆ ಕುರ್ಚಿ ಬಿಡಿ ಎಂದು ಯಾರೋ ಕೇಳಿದ್ದಕ್ಕೆ "ಅದು ಬೇರೆ ವಿಷಯ" ಎಂದು ಮೂಗು ಒರೆಸಿಕೊಂಡರು.

ಇಂಥದ್ದನ್ನೆಲ್ಲ ಊಟದ ಹೊತ್ತಿಗೆ ಇವರಿಗೆ ಅಭಿನಯ ಮಾಡಿ ತೋರಿಸುತ್ತಿದ್ದೆ. ಇವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇವತ್ತು ಬೆಳಿಗ್ಗೆ ನಮ್ಮ ಶಾಸಕ ಸಾಹೇಬರು "ಬಟ್ಟೆ ತುಂಬ್ಕೋ, ಗಾಡಿ ತೆಗಿ" ಎಂದು ಅವಸರ ಮಾಡಿ ಇವರನ್ನು ಹೊರಡಿಸಿಕೊಂಡು ಹೋದರು. ಎಲ್ಲಿಗೆ ಎಂದು ಗಾಡಿ ಓಡಿಸುವವರಿಗೇ ಗೊತ್ತಿರಲಿಲ್ಲ. ಮಧ್ಯಾಹ್ನ ಟಿವಿ ನೋಡಿ ನನಗೆ ಗೊತ್ತಾಯಿತು. ಒಡೆದು ಹೋದ ಶಾಸಕರನ್ನೆಲ್ಲ ಊರಾಚೆಯ ಒಂದು ರೆಸಾರ್ಟಿನಲ್ಲಿ ಕೂಡಿಹಾಕಿದ್ದಾರೆ. ಸದನದಲ್ಲಿ ಮತ ಹಾಕುವ ದಿನವೇ ಹೊರಗೆ ಬಿಡುವುದು. ಯಾರೂ ಆಚೆಯವರ ಜೊತೆ ಮಾತಾಡಿ ಜಾರಿಕೊಳ್ಳಬಾರದೆಂದು ಎಲ್ಲರ ಫೋನು ಇಸಿದುಕೊಂಡಿದ್ದಾರೆ. ಡ್ರೈವರುಗಳದೂ.

ಕೇಳುವವರಿಲ್ಲದೆ ಮಾತು ಗಂಟಲಲ್ಲೇ ನಿಂತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಜೂನ್ 4, ಮಂಗಳವಾರ

ಬಾವುಟದ ಯಜಮಾನರು ಬಂದು ಹೋದರು. ನನ್ನ ಹೊಲಿಗೆ ಯಂತ್ರಕ್ಕೆ ಪಕ್ಷಭೇದವಿಲ್ಲ. ಅವರು ತಂದು ಸುರಿದ ಬಣ್ಣಕ್ಕೆಲ್ಲ ಅಂಚು ಮಡಚಿ ಹೊಲಿದು, ಕೋಲು ತೂರಿಸಲು ಒಂದು ಬದಿ ಜಾಗ ಬಿಟ್ಟು ಕೊಡುವುದು ನನ್ನ ಕೆಲಸ. ಹಳದಿಯವರ ಬಟ್ಟೆ ಒಂದೇ ಮಳೆಗೆ ಬಣ್ಣ ಬಿಡುತ್ತದೆ. ಎದುರಾಳಿ ನೇರಳೆ ಪಕ್ಷದವರದು ಬಣ್ಣ ಬಿಡುವುದಿಲ್ಲ, ಆದರೆ ಸೂಜಿ ತಾಗಿದರೆ ಸಾಕು, ಎಳೆ ಕಿತ್ತು ಬರುತ್ತದೆ. ಗೆದ್ದ ಮೇಲೂ ಬಾಳಿಕೆ ಬರಲಿ ಎಂದು ಯಾವ ಪಕ್ಷವೂ ಬಾವುಟ ಹೊಲಿಸುವುದಿಲ್ಲ.

ಇವತ್ತು ಹಳದಿಯ ಕಟ್ಟುಗಳನ್ನೆಲ್ಲ ಮೂಲೆಗೆ ತಳ್ಳಿ ನೇರಳೆಯದನ್ನು ಹಾಕಿದರು. "ಯಾವಾಗ ಬೇಕು ಸಾರ್?" ಎಂದೆ. "ನಿಮ್ಮ ಸಾಹೇಬ್ರು ಯಾವಾಗ ಹಾರ್ತಾರೋ ಆವಾಗ ಬೇಕಮ್ಮ" ಎಂದರು. ನಾನು ಜೋರಾಗಿ ನಕ್ಕೆ.

ಅತ್ತೆಗೆ ಸಿಟ್ಟು ಬಂತು. "ಮೆತ್ತಗೆ ನಗು, ಬಂಗಲೆಗೆ ಕೇಳ್ಸುತ್ತೆ." ನಾವಿರುವುದು ಸಾಹೇಬರ ಬಂಗಲೆಯ ಹಿತ್ತಲಿನ ಎರಡು ಕೋಣೆಯಲ್ಲಿ. ಇವರ ಕೆಲಸ ಹೋದರೆ ಸೂರೂ ಹೋಯಿತು, ಅದು ನನಗೂ ಗೊತ್ತು. ಆದರೆ ಅತ್ತೆಗೆ ಸಾಹೇಬರೆಂದರೆ ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ. ನನಗೆ ಹಾಗಿಲ್ಲ. ಅವರ ಒಳಚಡ್ಡಿಗೂ ಲಾಡಿ ಹಾಕಿಕೊಟ್ಟವಳು ನಾನು. ಬಂಗಲೆಗೆ ಕೇಳಿಸಿದರೆ ಕೇಳಿಸಲಿ, ಇದ್ದದ್ದನ್ನೇ ತಾನೇ ಹೇಳಿದ್ದು.

ಜೂನ್ 6, ಗುರುವಾರ

ಇವರನ್ನು ನೋಡಿದೆ!

ರೆಸಾರ್ಟಿನ ಗೇಟಿನ ಮುಂದೆ ಚಾನೆಲ್ಲಿನವರು ಠಿಕಾಣಿ ಹೂಡಿದ್ದಾರೆ. ಒಬ್ಬ ಏಣಿ ಹಾಕಿಕೊಂಡು ಕಾಂಪೌಂಡಿನ ಮೇಲಿಂದ ಚಿತ್ರ ತೆಗೆದಿದ್ದಾನೆ. ಮುಂದುಗಡೆ ನಮ್ಮ ಸಾಹೇಬರು ಈಜುಕೊಳದಲ್ಲಿ ಎಮ್ಮೆಯ ಹಾಗೆ ತೇಲುತ್ತಿದ್ದಾರೆ, ಹಿಂದೆ ಇವರು ಟವೆಲ್ ಹಿಡಿದು ನಿಂತಿದ್ದಾರೆ. "ಪ್ರಜಾಪ್ರಭುತ್ವ ಉಳಿಸೋಕೆ ಒಂದಾಗಿದೀವಿ" ಎಂದು ಸಾಹೇಬರು ನೀರಿನಿಂದಲೇ ಕೂಗಿದರು. ಉಳಿಸುವವರು ಮೊದಲು ಅಂಗಿ ಹಾಕಿಕೊಳ್ಳಬಾರದೇ?

ಅತ್ತೆ ಟಿವಿಯ ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ "ಸೊರಗಿದಾನೆ ಕಣೇ" ಎಂದರು. ಪುಟ್ಟಿ ತೆರೆಯ ಮೇಲೆ ಅಪ್ಪನಿಗೆ ಮುತ್ತು ಕೊಡಲು ಹೋದಳು. ಅಷ್ಟರಲ್ಲಿ ಚಿತ್ರ ಬದಲಾಗಿ ಮುತ್ತು ಕಣ್ಣೀರು ಮಂತ್ರಿಗೆ ಬಿತ್ತು. ನಕ್ಕು ನಕ್ಕು ಸುಸ್ತಾದೆವು. ನಕ್ಕ ಮೇಲೆ ಮನೆ ಖಾಲಿ ಅನ್ನಿಸಿತು.

ಈಗ ಹೊಲಿಯುತ್ತಲೇ ಚಾನೆಲ್ ತಿರುಗಿಸುತ್ತಿರುತ್ತೇನೆ. ಜಗತ್ತಿಗೆ ಬೇಕಾದದ್ದು ಶಾಸಕರ ಮುಖ, ನನಗೆ ಬೇಕಾದದ್ದು ಹಿಂದೆ ನಿಂತಿರುವ ನೀಲಿ ಅಂಗಿ.

ಜೂನ್ 9, ಭಾನುವಾರ

ನಿನ್ನೆಯಿಂದ ಪುಟ್ಟಿಗೆ ಜ್ವರ. ಬೆಳಗಿನ ಜಾವ ಮೈ ಕೆಂಡವಾಗಿತ್ತು. ಕ್ಲಿನಿಕ್ಕಿಗೆ ರಜೆ. ಪಕ್ಕದ ಬೀದಿಯ ನರ್ಸಮ್ಮ ಬಂದು ಔಷಧಿ ಕೊಟ್ಟು ಹೋದರು. ನಾನೂ ಅತ್ತೆಯೂ ಸರದಿಯಂತೆ ಹಣೆಗೆ ಒದ್ದೆ ಬಟ್ಟೆ ಹಾಕಿದೆವು. ಮಧ್ಯಾಹ್ನದ ಹೊತ್ತಿಗೆ ಬೆವರಿ ಇಳಿಯಿತು.

ಸಂಜೆ ಬಂಗಲೆಯ ಇನ್ನೊಬ್ಬ ಡ್ರೈವರು ಸಾಹೇಬರಿಗೆ ಒಗೆದ ಬಟ್ಟೆ ಕೊಡಲು ರೆಸಾರ್ಟಿಗೆ ಹೊರಟಿದ್ದ. ಓಡಿಹೋಗಿ ಹೇಳಿದೆ: "ಪುಟ್ಟಿಗೆ ಜ್ವರ ಜೋರಾಗಿದೆಯಂತೆ, ಹೇಗಾದ್ರೂ ಮಾಡಿ ಒಂದು ಫೋನ್ ಮಾಡ್ಬೇಕಂತೆ ಅಂತ ನಮ್ಮವರಿಗೆ ಹೇಳಪ್ಪ." ಇಳಿದಿದೆ ಎಂದು ಹೇಳಲಿಲ್ಲ. ಹೇಳಿದರೆ ಫೋನು ಬರುತ್ತದೆಯೇ? ನನಗೆ ಇವರ ದನಿ ಕೇಳಬೇಕಿತ್ತು. ಇಷ್ಟು ದಿನ ಬರೀ ಬೆನ್ನು, ಟವೆಲ್ಲು, ಅರ್ಧ ಮುಖ ನೋಡಿ ಜೀವ ರೋಸಿಹೋಗಿದೆ.

ಜೂನ್ 10, ಸೋಮವಾರ

ಫೋನು ಬಂತು. ಗೊತ್ತಿಲ್ಲದ ನಂಬರು. ರೆಸಾರ್ಟಿನ ಮಾಲಿಯ ಫೋನಂತೆ. ಪಂಪಿನ ಕೋಣೆಯೊಳಗೆ ನಿಂತು ಮಾತಾಡುತ್ತಿದ್ದರು, ಮೋಟಾರಿನ ಸದ್ದಿನಲ್ಲಿ ಅರ್ಧ ಕೇಳಿಸಲಿಲ್ಲ.

"ಪುಟ್ಟಿ ಹೇಗಿದಾಳೆ?"

"ಈಗ ಪರ್ವಾಗಿಲ್ಲ ರೀ, ಗಂಜಿ ಕುಡಿದು ಮಲಗಿದಾಳೆ."

"ಅಬ್ಬಾ. ಪ್ರಾಣ ಹೋಗಿತ್ತು ಕಣೇ ನನಗೆ."

ಊಟ ಆಯಿತಾ, ನಿದ್ದೆ ಬರುತ್ತಾ ಎಂದೆಲ್ಲ ಕೇಳಿದೆ. ಒಳಗೆ ಯಾರಿಗೂ ಯಾರ ಮೇಲೂ ನಂಬಿಕೆಯಿಲ್ಲವಂತೆ. ಬಚ್ಚಲಿಗೆ ಹೋದರೂ ಬಾಗಿಲಲ್ಲಿ ಒಬ್ಬ ಕಾಯುತ್ತಾನಂತೆ. "ಸಾಹೇಬ್ರು ಸಿಕ್ಕಸಿಕ್ಕವರ ಮೇಲೆ ಹಾರಾಡ್ತಿದಾರೆ, ಇನ್ನೂ ಮಂತ್ರಿ ಮಾಡ್ತೀವಿ ಅಂತ ಯಾರೂ..." ಎನ್ನುವಷ್ಟರಲ್ಲಿ "ಯಾರೋ ಬಂದ್ರು" ಎಂದು ಕಟ್ ಮಾಡಿದರು.

ಎಷ್ಟು ಹಗುರವಾಯಿತು! ಒಂದೇ ಪಟ್ಟಿಗೆ ಕೂತು ಒಂದು ಕಟ್ಟು ಬಾವುಟ ಮುಗಿಸಿದೆ.

ಜೂನ್ 12, ಬುಧವಾರ

ಹೊಡೆದರು. ಗೇಟಿನ ಹತ್ತಿರ, ಎಲ್ಲರ ಎದುರಿಗೆ, ಸಾಹೇಬರು ಇವರ ಕೆನ್ನೆಗೆ ಹೊಡೆದರು. ಏಣಿಯವನು ತೆಗೆದಿದ್ದಾನೆ. ಇವರ ತಲೆ ಪಕ್ಕಕ್ಕೆ ವಾಲಿತು. ಕೈ ಎತ್ತಿ ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ಕೈ ಕಟ್ಟಿಕೊಂಡೇ ನಿಂತಿದ್ದರು.

ಪುಟ್ಟಿ ಪಕ್ಕದಲ್ಲೇ ಕೂತು ನೋಡಿದಳು.

ಜೂನ್ 13, ಗುರುವಾರ

ಆ ಕೈ ಮುರಿದುಹೋಗಲಿ ಎಂದು ಬಾಯಿ ಬಿಟ್ಟು ಶಾಪ ಹಾಕಿದೆ. ಅತ್ತೆ ನನ್ನ ಬಾಯಿ ಮುಚ್ಚಿದರು. ಇನ್ನೊಬ್ಬ ಡ್ರೈವರು ಬೆಳಿಗ್ಗೆ ಬಂದು ಹೇಳಿದ: ಮಾಲಿಯ ಫೋನು ತೆಗೆದು ನೋಡಿದರಂತೆ, ನಮ್ಮ ನಂಬರು ಸಿಕ್ಕಿತಂತೆ. ಒಳಗಿನ ಸುದ್ದಿ ಎದುರಾಳಿಗೆ ಮುಟ್ಟಿಸುತ್ತಿದ್ದೀಯ ಎಂದು ಸಾಹೇಬರು ಕೈ ಮಾಡಿದರಂತೆ. ಮಗಳಿಗೆ ಜ್ವರ ಎಂದು ಇವರು ಹೇಳುತ್ತಲೇ ಇದ್ದರಂತೆ. ನಾನು ಮಾಡಿಸಿಕೊಂಡ ಫೋನಿನಿಂದ ಆದದ್ದು. 

ಟಿವಿಯವರಿಗೆ ಹಬ್ಬ. ಇವರ ತಲೆಯ ಸುತ್ತ ದುಂಡಗೆ ಕೆಂಪು ಗೆರೆ ಎಳೆದಿದ್ದಾರೆ. 'ಠಪ್' ಎಂದು ಸದ್ದು ಸೇರಿಸಿದ್ದಾರೆ. ನಿಧಾನಕ್ಕೆ ಓಡಿಸಿ, ಹಿಂದಕ್ಕೆ ಓಡಿಸಿ ತೋರಿಸುತ್ತಾರೆ. ನಾಲ್ಕು ಜನ ಕೂತು ಇದರಿಂದ ಸಾಹೇಬರ ವರ್ಚಸ್ಸಿಗೆ ಎಷ್ಟು ಪೆಟ್ಟು ಎಂದು ಚರ್ಚೆ ಮಾಡಿದರು. ಪೆಟ್ಟು ಬಿದ್ದದ್ದು ಯಾರಿಗೆ ಎಂದು ಒಬ್ಬನಾದರೂ ಕೇಳಬೇಡವೇ? ಇವರ ಹೆಸರೂ ಹೇಳಲಿಲ್ಲ.

ಹನ್ನೊಂದು ಗಂಟೆಗೆ ಸಾಹೇಬರ ಪಿಎ ಒಬ್ಬ ಕ್ಯಾಮೆರಾದವನನ್ನು ಕರೆದುಕೊಂಡು ಬಂದ. ಯಾವಾಗಲೂ ಹಲ್ಲು ಕಿರಿಯುವ ಮನುಷ್ಯ. ಬಂದವನೇ ಅತ್ತೆಯ ಕಾಲಿಗೆ ಬಿದ್ದು ನನ್ನ ಕಡೆ ತಿರುಗಿದ.

"ಅಕ್ಕಾ, ಒಂದೇ ಮಾತು. ಸಾಹೇಬ್ರು ಸಲುಗೆಯಿಂದ ಕೆನ್ನೆ ತಟ್ಟಿದ್ದು, ಹೊಡೆದಿಲ್ಲ ಅಂತ."

"ನಾನು ಕಣ್ಣಾರೆ ನೋಡಿದೀನಿ ಸಾರ್."

"ನಿಮ್ಮೆಜಮಾನ್ರೇ ಹಾಗಂತ ಹೇಳಿ ಆಗಿದೆ ಅಕ್ಕಾ, ರೆಕಾರ್ಡೂ ಆಗಿದೆ. ನೀವು ಬೇರೆ ಥರ ಹೇಳಿದ್ರೆ ಅವರು ಸುಳ್ಳುಗಾರ ಆಗ್ತಾರೆ. ಕೆಲಸ, ಮನೆ, ಎಲ್ಲಾನೂ ಯೋಚ್ನೆ ಮಾಡಿ."

ಅತ್ತೆ ನನ್ನ ತೋಳು ಹಿಡಿದರು. "ಅವನೇ ಹೇಳಿದ ಮೇಲೆ ನಿಂದೇನಮ್ಮ?" 

ಹೇಳಿದೆ. ಪಿಎ ಹೇಳಿಕೊಟ್ಟದ್ದು ಒಣಒಣ ಅನ್ನಿಸಿತು, ನನ್ನ ಬಾಯಿಗೆ ಬಂದಂತೆ ಹೇಳಿದೆ. "ಮನೆಯಲ್ಲಿ ಅಣ್ಣ ತಮ್ಮನ ಕೆನ್ನೆ ತಟ್ಟಲ್ವಾ? ಅದನ್ನ ಯಾರಾದ್ರೂ ಹೊಡೆತ ಅಂತಾರಾ? ನಮ್ಮ ಸಲುಗೆ ನಿಮಗೆ ಸುದ್ದಿ ಆಯ್ತಾ?" ಕ್ಯಾಮೆರಾದವನು ಇನ್ನೊಂದು ಸಲ ಬೇಡ, ಒಂದೇ ಸಲಕ್ಕೆ ಬಂತು ಎಂದ. ಪಿಎ "ಅಕ್ಕಾ, ನಿಮಗೇ ಟಿಕೆಟ್ ಕೊಡ್ಬೇಕಿತ್ತು" ಎಂದು ಚಪ್ಪಾಳೆ ತಟ್ಟಿದ.

ಅವರು ಹೋದ ಮೇಲೆ ಹೊಲಿಯಲು ಕೂತೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ಜೂನ್ 14, ಶುಕ್ರವಾರ

ಪುಟ್ಟಿ ಶಾಲೆಯಿಂದ ಅತ್ತುಕೊಂಡು ಬಂದಳು. ಕ್ಲಾಸಿನ ಮಕ್ಕಳೆಲ್ಲ ಇವಳನ್ನು ಕಂಡರೆ 'ಠಪ್' ಎಂದು ಕೆನ್ನೆ ಬಡಿದುಕೊಂಡು ನಗುತ್ತಾರಂತೆ.

"ಹೊಡೆದಿಲ್ಲ, ತಟ್ಟಿದ್ದು ಅಂತ ಹೇಳು ಪುಟ್ಟಿ."

"ನಾನು ನೋಡಿದ್ನಲ್ಲಮ್ಮಾ."

"ನೀನು ದೂರದಿಂದ ನೋಡಿದ್ದು."

"ಟಿವಿ ಹತ್ರಾನೇ ಇತ್ತಲ್ಲ?"

ಗದರಿದೆ. ಏನು ಮಾಡಲಿ, ನಾಳೆಯೂ ಅದೇ ಮಕ್ಕಳ ಮಧ್ಯೆ ಕೂರಬೇಕಲ್ಲ ಈ ಕೂಸು. ನನ್ನ ಮುಂದೆ ನಿಲ್ಲಿಸಿಕೊಂಡು ಹೇಳಿಸಿದೆ. ಮೊದಲ ಸಲ ದನಿಯೇ ಹೊರಡಲಿಲ್ಲ. ಆಮೇಲೆ ಸರಿಯಾಗಿ ಹೇಳಿದಳು, ನೆಲ ನೋಡುತ್ತ. ನೆಲ ನೋಡಬೇಡ, ಕಣ್ಣಲ್ಲಿ ಕಣ್ಣಿಟ್ಟು ಹೇಳು ಎಂದೆ.

ನನ್ನ ಮಾತು ಎಲ್ಲ ಚಾನೆಲ್ಲಿನಲ್ಲೂ ಬಂತು. ತಲೆ ಬಾಚಿಕೊಳ್ಳಬೇಕಿತ್ತು.

ಜೂನ್ 17, ಸೋಮವಾರ

ನರ್ಸಮ್ಮ ಪುಟ್ಟಿಯನ್ನು ನೋಡಲು ಬಂದವರು ಸುಮ್ಮನಿರದೆ ಕೆದಕಿದರು. "ತಟ್ಟಿದ್ರೆ ಮುಖ ಹಾಗೆ ತಿರುಗುತ್ತಾ ತಾಯಿ? ನಾನು ಆಸ್ಪತ್ರೆಯಲ್ಲಿ ಇಂಥ ಕೆನ್ನೆ ಎಷ್ಟು ನೋಡಿಲ್ಲ?"

"ಏಣಿ ಮೇಲಿಂದ ತೆಗೆದ್ರೆ ಹಾಗೇ ಕಾಣೋದು ನರ್ಸಮ್ಮ. ಮೇಲಿಂದ ನೋಡಿದ್ರೆ ತಲೆ ಸವರಿದ್ದೂ ಗುದ್ದಿದ ಹಾಗೆ ಕಾಣುತ್ತೆ" ಎಂದೆ. ಎಲ್ಲಿಂದ ಹೊಳೆಯಿತೋ ಗೊತ್ತಿಲ್ಲ.  ಮುಖ ಒಂದು ಥರ ಮಾಡಿಕೊಂಡು ಹೋದರು.

ಮಧ್ಯಾಹ್ನ ಪಿಎ ಬಂದಾಗ ಇದನ್ನು ಹೇಳಿದೆ. ಸಂಜೆಯ ಸುದ್ದಿಯಲ್ಲಿ ಸಾಹೇಬರ ಗುಂಪಿನ ವಕ್ತಾರರು ಅದನ್ನೇ ಹೇಳಿದರು! ಏಣಿ, ಮೇಲಿಂದ ನೋಡುವುದು, ಎಲ್ಲ ನನ್ನದೇ ಮಾತು. "ಅತ್ತೇ, ಬನ್ನಿ ಬನ್ನಿ" ಎಂದು ಕೂಗಿ ಕರೆದೆ. ಆದರೆ ಆ ವಕ್ತಾರರಿಗೆ ಹೇಳಲು ಬರುವುದಿಲ್ಲ. ಅವಸರ ಮಾಡಿಬಿಟ್ಟರು. ಮೊದಲು ಒಂದು ಕ್ಷಣ ಬೇಸರವಾದಂತೆ ಸುಮ್ಮನಿರಬೇಕು, ಆಮೇಲೆ ಹೇಳಬೇಕು. ಆ ವಿಷಯದಲ್ಲಿ ಕಣ್ಣೀರು ಮಂತ್ರಿಯನ್ನು ಮೆಚ್ಚಬೇಕು. ಇವತ್ತು ಚೆನ್ನಾಗಿ ಅತ್ತರು. ಕರವಸ್ತ್ರ ತೆಗೆಯುವ ಮುನ್ನ ಸ್ವಲ್ಪ ತಡೆದರು, ಅದೇ ಹದ.

ಇವರ ಚಿತ್ರ ಎಲ್ಲೂ ಕಾಣಲಿಲ್ಲ. ನಿಜ ಹೇಳಬೇಕೆಂದರೆ ಇವತ್ತು ಹುಡುಕಲು ಪುರುಸೊತ್ತಾಗಲಿಲ್ಲ.

ಜೂನ್ 19, ಬುಧವಾರ

ಸರ್ಕಾರ ಬಿತ್ತು. ನೇರಳೆಯವರ ಜೊತೆ ಸೇರಿ ನಮ್ಮವರು ಹೊಸ ಸರ್ಕಾರ ಮಾಡುತ್ತಾರೆ, ಸಾಹೇಬರು ಮಂತ್ರಿ. ಬಾವುಟದ ಯಜಮಾನರು ಕಟ್ಟು ಒಯ್ಯಲು ಬಂದು "ಹಾರಿದ್ರಲ್ಲ ಕೊನೆಗೂ" ಎಂದು ಕಣ್ಣು ಮಿಟುಕಿಸಿದರು. ನನಗೆ ಹಿಡಿಸಲಿಲ್ಲ. ಹಾರುವುದು ಎಂದರೇನು? ಕ್ಷೇತ್ರಕ್ಕೆ ಒಳ್ಳೆಯದಾಗುತ್ತದೆ ಎಂದರೆ ಮನುಷ್ಯ ತನ್ನ ನಿಲುವು ಬದಲಿಸಬಾರದೇ? ಹಾಗೆಂದು ಅವರ ಮುಖಕ್ಕೇ ಹೇಳಿದೆ. ಅವರು ಕಟ್ಟು ಎತ್ತಿಕೊಂಡು ಹೋದರು.

ನಾಡಿದ್ದು ಇವರು ಬರುತ್ತಾರೆ! ಅತ್ತೆ ಹಾಸಿಗೆ ಬಿಸಿಲಿಗೆ ಹಾಕಿದ್ದಾರೆ. ನಾನು ಇವರ ನೀಲಿ ಅಂಗಿಯ ಜೋಡಿಗೆ ಒಂದು ಹೊಸದನ್ನು ಹೊಲಿದೆ. ಕೆಲಸವೂ ಉಳಿಯಿತು, ಮನೆಯೂ ಉಳಿಯಿತು. ಯಾವ ತೊಂದರೆಯೂ ಆಗದ ಹಾಗೆ ನಿಭಾಯಿಸಿದ್ದೇನೆ. ಇವರಿಗೆ ನೆಮ್ಮದಿಯಾಗುತ್ತದೆ.

ಜೂನ್ 21, ಶುಕ್ರವಾರ

ಬಂದರು. ಬಂಗಲೆಯ ಮುಂದೆ ಜನವೋ ಜನ, ಪಟಾಕಿಯ ಹೊಗೆ. ಇವರು ಸಾಹೇಬರನ್ನು ಇಳಿಸಿ, ಗಾಡಿ ನಿಲ್ಲಿಸಿ, ಹಿಂದಿನ ಬಾಗಿಲಿನಿಂದ ಬಂದರು. ನಿಜವಾಗಿಯೂ ಸೊರಗಿದ್ದಾರೆ. ಅತ್ತೆ ಬೆನ್ನು ಸವರಿ ಸವರಿ ಅತ್ತರು. ಪುಟ್ಟಿ ಮಾತ್ರ ಓಡಿಹೋಗಿ ತಬ್ಬಿಕೊಳ್ಳಲಿಲ್ಲ. ಬಾಗಿಲ ಹತ್ತಿರ ನಿಂತು ಅಪ್ಪನ ಮುಖವನ್ನೇ ನೋಡುತ್ತಿದ್ದಳು.

ಅತ್ತೆ ಅವಳನ್ನು ಹೊರಗೆ ಕರೆದುಕೊಂಡು ಹೋದ ಮೇಲೆ ಇವರು ಮಂಚದ ತುದಿಯಲ್ಲಿ ಕೂತರು. ಷೂ ಬಿಚ್ಚಲಿಲ್ಲ.

"ಅವತ್ತು ಗೇಟ್ ಹತ್ರ..." ಎಂದು ಶುರು ಮಾಡಿದರು.

"ಅದನ್ನೆಲ್ಲ ಬಿಟ್ಟುಬಿಡಿ ರೀ. ಸಲುಗೆಯಿಂದ ತಟ್ಟಿದ್ದು ಅಂತ ನಾನು ಎಲ್ರಿಗೂ ಹೇಳಿ ಆಗಿದೆ. ಈಗ ಯಾರೂ ಕೇಳಲ್ಲ."

 ಇವರು ನನ್ನ ಕಡೆ ನೋಡದೆ ಹೇಳಿದರು: "ನನ್ನ ಕೈಲೂ ಹೇಳಿಸೋಕೆ ನೋಡಿದ್ರು ಕಣೇ. ಕೋಣೇಲಿ ಕೂರಿಸಿದ್ರು. ಕೆಲಸದಿಂದ ತೆಗೀತೀವಿ ಅಂದ್ರು. ತೆಗೀರಿ ಅಂದೆ. ಹೊಡೆದಿದ್ದು ಹೊಡೆದಿದ್ದೇ, ನಾನು ಹೇಳಲ್ಲ ಅಂದೆ."

"ನೀವು ಹೇಳಿ ಆಗಿದೆ ಅಂತ ಪಿಎ ನನಗೆ..."

"ಮಾರನೇ ದಿನ ಎಲ್ಲರನ್ನೂ ಕೂರಿಸಿ ಟಿವಿ ಹಾಕಿದ್ರು. ನೀನು ಬಂದೆ. ಅಣ್ಣ ತಮ್ಮ ಅಂದೆ. ಅಲ್ಲಿದ್ದವರೆಲ್ಲ ನನ್ನ ಮುಖ ನೋಡಿ ನಕ್ಕರು. ಆಮೇಲೆ ಅವರು ಎಲ್ಲಿ ಹೇಳು ಅಂದ್ರೋ ಅಲ್ಲಿ ತಟ್ಟಿದ್ದು ಅಂತ ಹೇಳ್ದೆ."

 ಆ ಪಿಎ ಮೋಸ ಮಾಡಿದ, ನನಗೇನು ಗೊತ್ತಿತ್ತು, ನಿಮ್ಮ ಹತ್ತಿರ ಫೋನಾದರೂ ಇತ್ತೇ ಕೇಳಲು, ಎಂದೆಲ್ಲ ಹೇಳಿದೆ. ಹೇಳಿದ್ದೆಲ್ಲ ನಿಜವೇ. ಆದರೂ ಹೇಳುತ್ತ ಹೇಳುತ್ತ ನಾನು ಇವರ ಹತ್ತಿರ ಅಲ್ಲ, ಯಾವುದೋ ಕ್ಯಾಮೆರಾದ ಮುಂದೆ ನಿಂತಿದ್ದೇನೆ ಅನ್ನಿಸಿತು. ಇವರು ತಲೆಯಾಡಿಸಿದರು. "ನಿನ್ನ ತಪ್ಪಲ್ಲ ಬಿಡು" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಪುಟ್ಟಿ ಅಜ್ಜಿಯ ಕೈ ಬಿಡಿಸಿಕೊಂಡು ಒಳಗೆ ಬಂದಳು. ನೇರ ಅಪ್ಪನ ಮುಂದೆ ನಿಂತು, ಬೆರಳಿನಿಂದ ಅವರ ಕೆನ್ನೆ ಮುಟ್ಟಿದಳು.

"ಅಪ್ಪಾ, ಸಾಹೇಬ್ರು ಹೊಡೆದ್ರಾ?"

ಇವರು ಬಾಯಿ ತೆರೆದರು. ಅವಳಿಗೆ ನಿಜ ಹೇಳುವವರೇ ಇದ್ದರು, ನನಗೆ ಕಂಡಿತು. ಹೇಳಿದರೆ ಅವಳು ಶಾಲೆಯಲ್ಲಿ ಹೇಳುತ್ತಾಳೆ, ಶಾಲೆಯಿಂದ ಬಂಗಲೆಗೆ ಎಷ್ಟು ದೂರ? ನಾನು ಅಷ್ಟೇ ಯೋಚಿಸಿದ್ದು, ಇನ್ನೇನೂ ಅಲ್ಲ.

"ಇಲ್ಲ ಅಂತ ಹೇಳಿಕೊಟ್ಟಿಲ್ವಾ ನಿನಗೆ?" ಎಂದೆ.

ಇವರು ತೆರೆದ ಬಾಯಿ ಮುಚ್ಚಿದರು. ಪುಟ್ಟಿ ಅಪ್ಪನ ಕೆನ್ನೆಯಿಂದ ಬೆರಳು ತೆಗೆದಳು. ನಾನು ಕಲಿಸಿದ ಹಾಗೆಯೇ, ನೆಲ ನೋಡದೆ, ಅಪ್ಪನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು:

"ಹೊಡೆದಿಲ್ಲ ಅಪ್ಪಾ. ತಟ್ಟಿದ್ದು."